ಕ್ರೈಸ್ತರ ದೇವಾರಾಧನೆಯಲ್ಲಿ ಭಾವವೂ ವಿಧಿಯೂ

ನಮ್ಮ ಅಸೂಟಿಯು ರೋಣ ಸೀಮೆಯ ಎರೆನೆಲದ ಊರು. ಇಲ್ಲಿಯ ರೈತನು ಬಿತ್ತುವಾಗ ಎರಡು ಸಂಗತಿಗಳನ್ನು ನೋಡುವನು: ನೆಲದಲ್ಲಿ ಹಸಿಯಿದೆಯೇ? ಕೂರಿಗೆಯ ಸಾಲು ನೆಟ್ಟಗಿದೆಯೇ? ಹಸಿಯಿಲ್ಲದಿದ್ದರೆ ಬೀಜವು ಮೊಳೆಯದು. ಸಾಲು ಡೊಂಕಾದರೆ ಮುಂದೆ ಎಡೆ ಹೊಡೆಯಲು ಬಾರದು. ದೇವರ ಆರಾಧನೆಯೂ ಹೀಗೆಯೇ. ಭಾವವು ಹಸಿ, ಶಾಸ್ತ್ರವು ಸಾಲು. ಈ ಎರಡರ ಸಂಬಂಧವನ್ನು ಕ್ರೈಸ್ತ ಧರ್ಮವು ಹೇಗೆ ಕಂಡಿದೆಯೆಂಬುದನ್ನು, ಆ ಮತದವರಲ್ಲದ ನಾವು ತಿಳಿದಷ್ಟು ಇಲ್ಲಿ ನಿವೇದಿಸುವೆವು.

ಯೋಹಾನನ ಸುವಾರ್ತೆಯ 4ನೆಯ ಅಧ್ಯಾಯದಲ್ಲಿ ಒಂದು ಪ್ರಸಂಗವುಂಟು. ಸಮಾರ್ಯದ ಹೆಂಗಸೊಬ್ಬಳು ನೀರಿಗಾಗಿ ಬಾವಿಗೆ ಬಂದಾಗ ಯೇಸುವನ್ನು ಕಂಡು, ದೇವರನ್ನು ತಮ್ಮ ಬೆಟ್ಟದಲ್ಲಿ ಆರಾಧಿಸಬೇಕೋ, ಯೆಹೂದ್ಯರು ಹೇಳುವಂತೆ ಯೆರೂಸಲೇಮಿನಲ್ಲಿ ಆರಾಧಿಸಬೇಕೋ ಎಂಬ ವಿವಾದವನ್ನೆತ್ತುತ್ತಾಳೆ. ಸ್ಥಳವು ಮುಖ್ಯವಲ್ಲ, ಆತ್ಮದಿಂದಲೂ ಸತ್ಯದಿಂದಲೂ ಆರಾಧಿಸುವವರೇ ತಂದೆಯಾದ ದೇವರಿಗೆ ಬೇಕಾದವರು ಎಂಬುದು ಯೇಸುವಿನ ಉತ್ತರದ ತಾತ್ಪರ್ಯ. ಆತ್ಮವೆಂದರೆ ಅಂತಃಕರಣದ ಯಥಾರ್ಥತೆ. ಸತ್ಯವೆಂದರೆ ದೇವರು ತನ್ನನ್ನು ತೋರಿಸಿಕೊಂಡ ರೀತಿಗೆ ಅನುಸಾರವಾಗಿರುವುದು. ನಾವು ಅರ್ಥಮಾಡಿಕೊಂಡಂತೆ, ಇವುಗಳಲ್ಲಿ ಒಂದನ್ನು ಬಿಟ್ಟು ಇನ್ನೊಂದು ನಿಲ್ಲಲಾರದು.

ಇದು ಅಂದು ಹೊಸದಾಗಿ ಹುಟ್ಟಿದ ಮಾತೂ ಅಲ್ಲ. ಯೆಶಾಯನ ಗ್ರಂಥದ 1ನೆಯ ಅಧ್ಯಾಯದಲ್ಲಿಯೂ ಆಮೋಸನ 5ನೆಯ ಅಧ್ಯಾಯದಲ್ಲಿಯೂ ದೇವರು ಜನರ ಬಲಿಗಳನ್ನೂ ಹಬ್ಬಗಳನ್ನೂ ಒಲ್ಲೆನೆಂದು ತಿರಸ್ಕರಿಸುತ್ತಾನೆ. ಆ ಬಲಿಗಳು ಶಾಸ್ತ್ರದಲ್ಲಿ ವಿಧಿಸಲ್ಪಟ್ಟವುಗಳೇ. ಆದರೆ ಅರ್ಪಿಸುವವರು ಬಡವರಿಗೆ ಅನ್ಯಾಯ ಮಾಡುತ್ತಿದ್ದರು. ವಿಧಿಯು ಸರಿಯಿದ್ದು ಬಾಳು ತಪ್ಪಾದರೆ ಪೂಜೆಯು ಅಪರಾಧವೇ ಆಗುವುದೆಂದು ಆ ಶಾಸ್ತ್ರವೇ ಸಾರುತ್ತದೆ.

ಇದನ್ನು ನಾವು ಪುಸ್ತಕದಿಂದ ತಿಳಿದುದಕ್ಕಿಂತ ಒಬ್ಬ ಮಿತ್ರರಿಂದ ತಿಳಿದುದೇ ಹೆಚ್ಚು. ಬಹು ವರುಷಗಳ ಹಿಂದೆ ಬೆಟಗೇರಿಯಲ್ಲಿ ಕ್ರೈಸ್ತರಾದ ಒಬ್ಬ ಶಿಕ್ಷಕರ ಮನೆಯಲ್ಲಿ ಭಾನುವಾರ ತಂಗಿದ್ದೆವು. ಬೆಳಿಗ್ಗೆ ಅವರೊಡನೆ ಪ್ರಾರ್ಥನಾಮಂದಿರಕ್ಕೆ ಹೋದೆವು. ಅಂದು ಪ್ರಭುಭೋಜನ ಸಂಸ್ಕಾರವಿದ್ದಿತು. ಎಲ್ಲರೂ ರೊಟ್ಟಿಯನ್ನೂ ದ್ರಾಕ್ಷಾರಸವನ್ನೂ ಸ್ವೀಕರಿಸಲು ಮುಂದೆ ಹೋದರು. ನಮ್ಮ ಮಿತ್ರರು ಮಾತ್ರ ಕುಳಿತಲ್ಲಿಯೇ ತಲೆ ತಗ್ಗಿಸಿದರು. ಹೊರಗೆ ಬಂದ ಮೇಲೆ ಕಾರಣವನ್ನು ಕೇಳಿದೆವು.

"ಮಾಸ್ತರರೇ, ಮನೆಯ ಗೋಡೆಯ ಸಲುವಾಗಿ ಅಣ್ಣನೊಡನೆ ಮಾತು ಬಿಟ್ಟು ಆರು ತಿಂಗಳಾಯಿತು. ಕಾಣಿಕೆಯನ್ನು ಬಲಿಪೀಠದ ಮುಂದೆಯೇ ಬಿಟ್ಟು, ಮೊದಲು ಸಹೋದರನೊಡನೆ ಸಮಾಧಾನವಾಗಿ ಬಾ ಎಂದು ನಮ್ಮ ಶಾಸ್ತ್ರದಲ್ಲಿದೆ. ಇಂದು ನಾನು ಯಾವ ಮುಖದಿಂದ ಮುಂದೆ ಹೋಗಲಿ?"

ಆ ವಿಧಿಯು ಮತ್ತಾಯನ ಸುವಾರ್ತೆಯ 5ನೆಯ ಅಧ್ಯಾಯದಲ್ಲಿದೆ. ತನ್ನನ್ನು ಪರೀಕ್ಷಿಸಿಕೊಂಡೇ ಈ ಭೋಜನಕ್ಕೆ ಕೂಡಬೇಕೆಂದು ಕೊರಿಂಥದವರಿಗೆ ಪೌಲನು ಬರೆದ ಮೊದಲನೆಯ ಪತ್ರಿಕೆಯ 11ನೆಯ ಅಧ್ಯಾಯವೂ ಹೇಳುತ್ತದೆ. ಮಿತ್ರರು ಅಂದೇ ಮಧ್ಯಾಹ್ನ ಅಣ್ಣನ ಮನೆಗೆ ನಡೆದರು. ಶಾಸ್ತ್ರವು ಅವರ ಭಾವವನ್ನು ಕಟ್ಟಿಹಾಕಲಿಲ್ಲ. ಅದಕ್ಕೆ ದಾರಿಯನ್ನು ತೋರಿತು.

ನಮಗೋ ಆ ರಾತ್ರಿ ನಿದ್ರೆ ಬರಲಿಲ್ಲ. ಹೊಲದ ಬದುವಿನ ಸಲುವಾಗಿ ತಮ್ಮನೊಡನೆ ನಾವೂ ಮಾತು ಬಿಟ್ಟಿದ್ದೆವು. ಆದರೂ ಒಂದು ದಿನವಾದರೂ ಪೂಜೆಯಲ್ಲಿ ಸ್ವರ ತಪ್ಪಿಸಿರಲಿಲ್ಲ.

ಮಿತ್ರರಿಗೆ ಆ ವಿಧಿಯು ನಾಟಿದ್ದು ಅದು ಅವರ ತಾಯಿನುಡಿಯಲ್ಲಿದ್ದುದರಿಂದ. ಅರ್ಥವರಿಯದೆ ವೇದವನ್ನೋದಿದವನನ್ನು ಯಾಸ್ಕನ ನಿರುಕ್ತದಲ್ಲಿ ಹೊರೆ ಹೊತ್ತ ಕಂಬಕ್ಕೆ ಹೋಲಿಸಿದೆ. ಪೌಲನೂ ಅದೇ ಪತ್ರಿಕೆಯ 14ನೆಯ ಅಧ್ಯಾಯದಲ್ಲಿ, ಸಭೆಯಲ್ಲಿ ತಿಳಿಯದ ಭಾಷೆಯ ಹತ್ತು ಸಾವಿರ ಮಾತುಗಳಿಗಿಂತ ತಿಳಿಯುವ ಐದು ಮಾತುಗಳೇ ಮೇಲೆಂದು ಬರೆದಿರುವನು. ಲಂಡನ್ ಮಿಶನ್ನಿನ ಜಾನ್ ಹ್ಯಾಂಡ್ಸ್ 1810ರಲ್ಲಿ ಬಳ್ಳಾರಿಗೆ ಬಂದು ಭಾಷಾಂತರಕ್ಕೆ ಕೈಹಾಕಿದನು. 1831ರ ಹೊತ್ತಿಗೆ ಬೈಬಲು ಸಂಪೂರ್ಣವಾಗಿ ಕನ್ನಡದಲ್ಲಿ ಅಚ್ಚಾಯಿತು. ಬಾಸೆಲ್ ಮಿಶನ್ನಿನವರು 1834ರಲ್ಲಿ ಮಂಗಳೂರಿಗೂ, 1837ರಲ್ಲಿ ಧಾರವಾಡಕ್ಕೂ, 1839ರಲ್ಲಿ ಹುಬ್ಬಳ್ಳಿಗೂ, 1841ರಲ್ಲಿ ಬೆಟಗೇರಿಗೂ ಬಂದು ನೆಲೆಸಿದರು. ಅವರಲ್ಲೊಬ್ಬನಾದ ಕಿಟ್ಟೆಲ್ 1862ರಲ್ಲಿ ಯೇಸುವಿನ ಚರಿತ್ರೆಯನ್ನು 'ಕಥಾಮಾಲೆ' ಎಂಬ ಹೆಸರಿನಿಂದ ಕನ್ನಡ ಪದ್ಯದಲ್ಲಿ ರಚಿಸಿದನು. ಅವನ ಮಹಾನಿಘಂಟು 1894ರಲ್ಲಿ ಪ್ರಕಟವಾಯಿತು. ರೋಮನ್ ಕಥೋಲಿಕರ ಪೂಜಾವಿಧಿಯು ಮಾತ್ರ ಬಹುಕಾಲ ಲ್ಯಾಟಿನ್ ಭಾಷೆಯಲ್ಲಿಯೇ ನಡೆಯಿತು. 1963ರಲ್ಲಿ ಎರಡನೆಯ ವ್ಯಾಟಿಕನ್ ಮಹಾಸಭೆಯು ದೇಶಭಾಷೆಗಳಿಗೆ ಬಾಗಿಲು ತೆರೆಯಿತು.

ಶಾಸ್ತ್ರಾನುಸಾರವೆಂದರೆ ಎಷ್ಟು ಎಂಬಲ್ಲಿ ಕ್ರೈಸ್ತರೊಳಗೂ ಭೇದವುಂಟು. ಶಾಸ್ತ್ರವು ನಿಷೇಧಿಸದ ಆಚಾರಗಳು ಇರಬಹುದೆಂದು ಲೂಥರನ ಪಕ್ಷ. ಶಾಸ್ತ್ರವು ವಿಧಿಸಿದುದೇ ಆರಾಧನೆಯಲ್ಲಿರಬೇಕೆಂದು ಜಿನೀವದ ಕ್ಯಾಲ್ವಿನನ ಪಕ್ಷ. ಶಾಸ್ತ್ರದೊಡನೆ ಪರಂಪರೆಯೂ ಪ್ರಮಾಣವೆಂದು ಕಥೋಲಿಕರ ಮತ. ನಮ್ಮ ಮೀಮಾಂಸಕರ ಚರ್ಚೆಗಳನ್ನು ಬಲ್ಲವರಿಗೆ ಇದು ಅಪರಿಚಿತವೆನಿಸದು. ಆದರೆ ಸಹೋದರನೊಡನೆ ಸಮಾಧಾನವಾಗಬೇಕೆಂಬ ವಿಧಿಯಲ್ಲಿ ಈ ಮೂವರಿಗೂ ಭೇದವಿಲ್ಲ. ಅತ್ಯಂತ ಸ್ಪಷ್ಟವಾದ ವಿಧಿಯೇ ಪಾಲಿಸಲು ಅತ್ಯಂತ ಕಠಿಣವೆಂಬುದು ಮನುಷ್ಯಸ್ವಭಾವದ ವಿಚಿತ್ರ.

ಬೆಟಗೇರಿಯಿಂದ ಹಿಂದಿರುಗಿದ ನಮಗೆ ತಮ್ಮನ ಹೊಸ್ತಿಲನ್ನು ತುಳಿಯಲು ಇನ್ನೂ ನಾಲ್ಕು ತಿಂಗಳು ಹಿಡಿಯಿತು. ಹೋದ ದಿನ ಬದುವಿನ ಮಾತು ಬರಲೇ ಇಲ್ಲ. ತಮ್ಮನ ಹೆಂಡತಿ ಮಜ್ಜಿಗೆ ತಂದಿಟ್ಟಳು, ತಮ್ಮನು, "ಅಣ್ಣಾ, ಬಿಸಿಲಾಗ ಯಾಕ ಬಂದಿ?" ಎಂದನು. ಮರುದಿನ ಪೂಜೆಗೆ ಕುಳಿತಾಗ, ಮೂವತ್ತು ವರುಷ ಬಾಯಿಪಾಠವಾಗಿದ್ದ ಮಂತ್ರಗಳ ಅರ್ಥವು ಮನಸ್ಸಿಗೆ ಮೊದಲ ಸಲ ತಾಗಿತು.

ಗೃಹಸ್ಥರೇ, ನಿಮ್ಮ ಮನೆಯ ಶಾಸ್ತ್ರವು ಯಾವುದೇ ಇರಲಿ, ಅದನ್ನು ಅರ್ಥವರಿತು ಓದಿರಿ. ಓದುವಾಗ ಯಾರದಾದರೂ ಮುಖವು ಕಣ್ಣಮುಂದೆ ಬಂದು ನಿಂತರೆ ಪುಸ್ತಕವನ್ನು ಮುಚ್ಚಿಟ್ಟು, ಮೊದಲು ಅವರ ಮನೆಗೆ ಹೋಗಿ ಬನ್ನಿರಿ.