ಆನ್‌ಲೈನ್ ಅರ್ಜಿಯಲ್ಲಿ ನಮೂದಿಸುವ ಜಮೀನಿನ ವಿವರ ಮತ್ತು ಅದರ ಸುರಕ್ಷಿತ ಪರಿಶೀಲನೆ

ಪೀಠಿಕೆ

ಪಹಣಿಗಳ ಗಣಕೀಕರಣಕ್ಕಾಗಿ ರೂಪಿಸಲಾದ ಭೂಮಿ ಯೋಜನೆಯು 1999ರಲ್ಲಿ ಪ್ರಾಯೋಗಿಕವಾಗಿ ಮಂಡ್ಯ ಜಿಲ್ಲೆಯ ಮದ್ದೂರು ತಾಲ್ಲೂಕಿನಲ್ಲಿ ಆರಂಭಗೊಂಡಿತು. ಇಂದು ಪಹಣಿ ಪಡೆಯುವುದರಿಂದ ಹಿಡಿದು ಫ್ರೂಟ್ಸ್ ತಂತ್ರಾಂಶದಲ್ಲಿನ ರೈತರ ನೋಂದಣಿಯವರೆಗೆ ಅನೇಕ ಸೇವೆಗಳು ಗಣಕಯಂತ್ರದ ಮೂಲಕವೇ ದೊರೆಯುತ್ತಿವೆ. ವಿ.ಸಿ. ಫಾರಂ ಸುತ್ತಲಿನ ಮಂಡ್ಯ, ಮದ್ದೂರು ಮತ್ತು ಮಳವಳ್ಳಿ ತಾಲ್ಲೂಕುಗಳ ರೈತರು ಸರ್ವೆ ನಂಬರು, ವಿಸ್ತೀರ್ಣ, ಬೆಳೆಯ ತಳಿ ಮುಂತಾದ ವಿವರಗಳನ್ನು ತಮ್ಮ ರೂಢಿಯಂತೆ ಬರೆಯುತ್ತಾರೆ. ಈ ಬರಹವನ್ನು ತಂತ್ರಾಂಶವು ಹೇಗೆ ಓದಬೇಕು, ಸರಿಯಾಗಿ ಓದುತ್ತಿದೆಯೆಂದು ಹೇಗೆ ಪರೀಕ್ಷಿಸಬೇಕು ಹಾಗೂ ಕೆಲವು ನಮೂದುಗಳು ಏಕೆ ತಿರಸ್ಕೃತವಾಗುತ್ತವೆ ಎಂಬುದನ್ನು ಸಾರ್ವಜನಿಕರ ತಿಳಿವಳಿಕೆಗಾಗಿ ಇಲ್ಲಿ ವಿವರಿಸಲಾಗಿದೆ.

ಬರಹವನ್ನು ಲೆಕ್ಕವೆಂದು ಭಾವಿಸಿದರೆ ಆಗುವ ತೊಂದರೆ

ಎರಡು ಎಕರೆ ಇಪ್ಪತ್ತು ಗುಂಟೆ ಜಮೀನನ್ನು 2-20 ಎಂದು ಬರೆಯುವುದು ವಾಡಿಕೆ. ಆದರೆ ಗಣಕಯಂತ್ರಕ್ಕೆ ನಡುವಿನ ಅಡ್ಡಗೆರೆಯು ಕಳೆಯುವ ಚಿಹ್ನೆಯೂ ಹೌದು. ಪೈಥಾನ್ ಭಾಷೆಯ ‘ಇವ್ಯಾಲ್’ ಎಂಬ ಸೌಲಭ್ಯವು ತನಗೆ ನೀಡಿದ ಬರಹವನ್ನು ಆಜ್ಞೆಯೆಂದೇ ತಿಳಿದು ನಡೆಸುತ್ತದೆ. ಅದಕ್ಕೆ 2-20 ಎಂದು ನೀಡಿದರೆ ದೊರೆಯುವ ಉತ್ತರ ಋಣ 18. ಅದೇ ರೀತಿ 45/2 ಎಂಬ ಸರ್ವೆ ನಂಬರು 22.5 ಆಗುತ್ತದೆ. ವಿ.ಸಿ.ಎಫ್. 0517 ಎಂಬ ಕಬ್ಬಿನ ತಳಿಯ ಸಂಖ್ಯೆಯನ್ನು ಅಂಕಿಯಾಗಿ ಉಳಿಸಿದರೆ ಮುಂದಿನ ಸೊನ್ನೆಯು ಅಳಿದು 517 ಮಾತ್ರ ಉಳಿಯುತ್ತದೆ.

ಋಣ 18 ಎಕರೆ ಎಂಬ ತಪ್ಪು ಕೂಡಲೇ ಕಣ್ಣಿಗೆ ಬೀಳುತ್ತದೆ. ಕಣ್ಣಿಗೆ ಬೀಳದ ತಪ್ಪು ಹೆಚ್ಚು ಅಪಾಯಕಾರಿ. ಎರಡು ಎಕರೆ ಇಪ್ಪತ್ತು ಗುಂಟೆಯನ್ನು 2.20 ಎಂದು ಬರೆದಾಗ ಅದನ್ನು ದಶಮಾಂಶವೆಂದು ಓದಿದರೆ 88 ಗುಂಟೆಯಾಗುತ್ತದೆ. ವಾಸ್ತವದಲ್ಲಿ ಇರುವುದು 100 ಗುಂಟೆ. ವಿಸ್ತೀರ್ಣವನ್ನು ಆಧರಿಸಿ ಸಹಾಯಧನ ಅಥವಾ ಪರಿಹಾರವನ್ನು ನಿಗದಿಪಡಿಸುವಲ್ಲಿ ರೈತರು 12 ಗುಂಟೆಯ ಮೊತ್ತವನ್ನು ಕಳೆದುಕೊಳ್ಳುತ್ತಾರೆ, ಮತ್ತು ಅದು ಯಾರ ಗಮನಕ್ಕೂ ಬಾರದೆ ಹೋಗಬಹುದು.

ಇದಲ್ಲದೆ, ಸಾರ್ವಜನಿಕ ಅರ್ಜಿ ನಮೂನೆಯಲ್ಲಿ ಯಾರು ಏನನ್ನಾದರೂ ಬರೆಯಬಹುದು. ದುರುದ್ದೇಶವುಳ್ಳವರು ವಿಸ್ತೀರ್ಣದ ಅಂಕಣದಲ್ಲಿ ಕಡತಗಳನ್ನು ಅಳಿಸುವ ಆಜ್ಞೆಯನ್ನೇ ಬರೆದರೆ ‘ಇವ್ಯಾಲ್’ ಅದನ್ನೂ ನಡೆಸಿಬಿಡುತ್ತದೆ. 9**9**9 ಎಂಬ ಏಳು ಚಿಹ್ನೆಗಳ ಚಿಕ್ಕ ನಮೂದಿನ ಉತ್ತರವು ಸುಮಾರು 37 ಕೋಟಿ ಅಂಕಿಗಳಷ್ಟು ಉದ್ದವಿರುತ್ತದೆ. ಅದನ್ನು ಲೆಕ್ಕಹಾಕಲು ಹೊರಟ ಯಂತ್ರವು ಉಳಿದ ಅರ್ಜಿದಾರರಿಗೆ ಸೇವೆ ನೀಡಲಾರದು. ಆದುದರಿಂದ ಅರ್ಜಿದಾರರ ಬರಹವನ್ನು ಓದಬೇಕೇ ಹೊರತು ನಡೆಸಬಾರದು ಎಂಬುದೇ ಇಲ್ಲಿನ ಮೂಲ ನಿಯಮ.

ಸುರಕ್ಷಿತವಾಗಿ ಓದುವ ಕ್ರಮ

ಮೊದಲು ನಮೂದಿನ ಉದ್ದಕ್ಕೆ ಮಿತಿ ಇರಬೇಕು. ನಂತರ ಅದು ಆರಂಭದಿಂದ ಅಂತ್ಯದವರೆಗೆ ‘ಅಂಕಿ, ಅಡ್ಡಗೆರೆ, ಅಂಕಿ’ ಎಂಬ ಮಾದರಿಯಲ್ಲಿಯೇ ಇದೆಯೇ ಎಂದು ನೋಡಬೇಕು. ಆರಂಭವನ್ನು ಮಾತ್ರ ನೋಡಿದರೆ 2-20ರ ಹಿಂದೆ ಸೇರಿಸಿದ ಬೇರೊಂದು ಬರಹವು ಒಳನುಸುಳುತ್ತದೆ. ಬಳಿಕ ಎಕರೆಯನ್ನು 40ರಿಂದ ಗುಣಿಸಿ ಗುಂಟೆಯನ್ನು ಕೂಡಿಸಬೇಕು. ಪೈಥಾನ್‌ನಲ್ಲಿ ‘ಲಿಟರಲ್ ಇವ್ಯಾಲ್’ ಎಂಬ ಸೌಲಭ್ಯವೂ ಇದೆ. ಇದು ಆಜ್ಞೆಗಳನ್ನು ನಡೆಸುವುದಿಲ್ಲ, 2-20 ಎಂಬುದನ್ನು ಕಳೆಯುವುದೂ ಇಲ್ಲ. ಆದರೆ ಅತಿ ದೊಡ್ಡ ಅಥವಾ ಜಟಿಲ ನಮೂದು ಇದನ್ನೂ ಸ್ಥಗಿತಗೊಳಿಸಬಲ್ಲದು. ಆದ್ದರಿಂದ ಉದ್ದದ ಮಿತಿಯನ್ನು ಕೈಬಿಡುವಂತಿಲ್ಲ.

ಒಂದೇ ಪರೀಕ್ಷೆ, ಹಲವು ನಮೂದುಗಳು

ವಿ.ಸಿ. ಫಾರಂನಂತಹ ಕೃಷಿ ಸಂಶೋಧನಾ ಕೇಂದ್ರಗಳಲ್ಲಿ ತಳಿಗಳನ್ನು ಹೋಲಿಸುವಾಗ ಗೊಬ್ಬರ, ನೀರು, ಸಾಲಿನ ಅಂತರ ಎಲ್ಲವನ್ನೂ ಒಂದೇ ರೀತಿ ಇರಿಸಿ ತಳಿಯನ್ನು ಮಾತ್ರ ಬದಲಾಯಿಸಲಾಗುತ್ತದೆ. ತಂತ್ರಾಂಶ ಪರೀಕ್ಷೆಯಲ್ಲಿಯೂ ಇದೇ ಕ್ರಮವಿದೆ. ಪರೀಕ್ಷೆಯ ವಿಧಾನವನ್ನು ಒಮ್ಮೆ ಬರೆದು, ನಮೂದು ಮತ್ತು ನಿರೀಕ್ಷಿತ ಫಲಿತಾಂಶಗಳನ್ನು ಪಟ್ಟಿಯಾಗಿ ನೀಡಲಾಗುತ್ತದೆ. ಪೈಟೆಸ್ಟ್ ಎಂಬ ಸಾಧನದಲ್ಲಿ ಇದಕ್ಕೆ ‘ಪ್ಯಾರಮೆಟ್ರೈಜ್’ ಎಂದು ಹೆಸರು. ವಿಸ್ತೀರ್ಣದ ಅಂಕಣಕ್ಕೆ ಪಟ್ಟಿಯು ಈ ಕೆಳಕಂಡಂತೆ ಇರಬಹುದು.

1. 2-20 : 100 ಗುಂಟೆ
2. ೨-೨೦ : 100 ಗುಂಟೆ
3. 0-39 : 39 ಗುಂಟೆ
4. 1-00 : 40 ಗುಂಟೆ
5. 2-40 : ತಿರಸ್ಕಾರ (3-00 ಎಂದಿರಬೇಕು)
6. 2.20 : ತಿರಸ್ಕಾರ (ದಶಮಾಂಶವೋ ಗುಂಟೆಯೋ ಸ್ಪಷ್ಟವಿಲ್ಲ)
7. ಖಾಲಿ ನಮೂದು : ತಿರಸ್ಕಾರ
8. 9**9**9 : ಲೆಕ್ಕಹಾಕದೆ ತಿರಸ್ಕಾರ
9. 2-20ರ ನಂತರ ಕಡತ ಅಳಿಸುವ ಆಜ್ಞೆ : ತಿರಸ್ಕಾರ, ಪರೀಕ್ಷೆಗೆಂದು ಇರಿಸಿದ ಕಡತವು ಹಾಗೆಯೇ ಉಳಿದಿರಬೇಕು

ಪಟ್ಟಿಯ ಪ್ರತಿಯೊಂದು ಸಾಲೂ ಪ್ರತ್ಯೇಕ ಪರೀಕ್ಷೆಯಾಗಿ ನಡೆಯುತ್ತದೆ. ಐದನೆಯ ಸಾಲು ವಿಫಲವಾದರೂ ಉಳಿದವು ನಿಲ್ಲುವುದಿಲ್ಲ ಮತ್ತು ಯಾವ ಸಾಲಿನಲ್ಲಿ ದೋಷವಿದೆಯೆಂದು ವರದಿಯಲ್ಲಿ ತಿಳಿಯುತ್ತದೆ. 0-39 ಸ್ವೀಕೃತವಾಗಿ 2-40 ತಿರಸ್ಕೃತವಾಗುವುದನ್ನು ನೋಡುವುದರಿಂದ ಗುಂಟೆಯ ಮಿತಿ ಸರಿಯಾಗಿದೆಯೆಂದು ಖಚಿತವಾಗುತ್ತದೆ. ಎರಡನೆಯ ಸಾಲು ಕನ್ನಡ ಅಂಕಿಯಲ್ಲಿ ಬರೆದ ಅರ್ಜಿದಾರರಿಗೆ ಅನ್ಯಾಯವಾಗದಂತೆ ನೋಡಿಕೊಳ್ಳುತ್ತದೆ. ದುರುದ್ದೇಶದ ನಮೂದನ್ನು ತಡೆಯುವುದು ಎಷ್ಟು ಮುಖ್ಯವೋ ಸರಿಯಾದ ನಮೂದನ್ನು ತಿರಸ್ಕರಿಸದಿರುವುದೂ ಅಷ್ಟೇ ಮುಖ್ಯ.

ಹೊಸ ಬಗೆಯ ದೂರು ಬಂದಾಗ ಆ ನಮೂದನ್ನು ಪಟ್ಟಿಗೆ ಸೇರಿಸಬೇಕು. ತಂತ್ರಾಂಶದಲ್ಲಿ ಬದಲಾವಣೆ ಮಾಡಿದಾಗಲೆಲ್ಲಾ ಇಡೀ ಪಟ್ಟಿ ಮತ್ತೆ ಪರೀಕ್ಷೆಗೊಳಪಡುವುದರಿಂದ ಒಮ್ಮೆ ಸರಿಪಡಿಸಿದ ದೋಷ ಮರುಕಳಿಸಿದರೆ ಕೂಡಲೇ ತಿಳಿಯುತ್ತದೆ. ದೂರು ನೀಡಿದವರ ಹೆಸರು, ಆಧಾರ್ ಸಂಖ್ಯೆ ಅಥವಾ ನೈಜ ಸರ್ವೆ ನಂಬರನ್ನು ಪಟ್ಟಿಯಲ್ಲಿ ಬಳಸತಕ್ಕದ್ದಲ್ಲ.

ಅರ್ಜಿದಾರರು ಗಮನಿಸಬೇಕಾದ ಅಂಶಗಳು

1. ಎಕರೆ ಮತ್ತು ಗುಂಟೆಗಳಿಗೆ ಬೇರೆ ಬೇರೆ ಅಂಕಣಗಳಿದ್ದಲ್ಲಿ ಅವುಗಳಲ್ಲಿಯೇ ನಮೂದಿಸುವುದು.
2. ಗುಂಟೆಯ ಅಂಕಣದಲ್ಲಿ 39ಕ್ಕಿಂತ ಹೆಚ್ಚಿನ ಅಂಕಿಯನ್ನು ಬರೆಯದಿರುವುದು.
3. ಸರ್ವೆ ನಂಬರು ಮತ್ತು ಹಿಸ್ಸಾವನ್ನು ಪಹಣಿಯಲ್ಲಿ ಇರುವಂತೆಯೇ ನಮೂದಿಸುವುದು.
4. ನಮೂದು ತಿರಸ್ಕೃತವಾದರೆ ಅರ್ಜಿಯೇ ತಿರಸ್ಕೃತವಾಯಿತೆಂದು ಭಾವಿಸದೆ, ಪರದೆಯ ಮೇಲಿನ ಸೂಚನೆಯನ್ನು ಓದಿ ಸರಿಪಡಿಸಿ ಮತ್ತೆ ಸಲ್ಲಿಸುವುದು.
5. ಸ್ವೀಕೃತಿ ಪತ್ರದಲ್ಲಿನ ವಿಸ್ತೀರ್ಣವನ್ನು ಪಹಣಿಯೊಂದಿಗೆ ತಾಳೆ ನೋಡಿ, ವ್ಯತ್ಯಾಸ ಕಂಡುಬಂದಲ್ಲಿ ಅರ್ಜಿ ಸಲ್ಲಿಸಿದ ಕಚೇರಿಗೆ ತಾವು ಬರೆದದ್ದನ್ನು ಹಾಗೂ ಮುದ್ರಿತವಾದದ್ದನ್ನು ಲಿಖಿತವಾಗಿ ತಿಳಿಸುವುದು. ಇವೆರಡೂ ಸಿಕ್ಕಿದರೆ ದೋಷವನ್ನು ಪರೀಕ್ಷಾ ಪಟ್ಟಿಗೆ ಸೇರಿಸಲು ಸಾಧ್ಯವಾಗುತ್ತದೆ.