ಕಿವಿಯ ಓಲೆ, ಮೂಗಿನ ಗೆರೆ: ನಾಯಿಗೊಂದು ವಿಮೆ ಹುಡುಕುತ್ತಾ

ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆಗೆ ಹೋದವರಿಗೆ ಗೊತ್ತು, ಅಲ್ಲಿ ಹಳ್ಳಿಯೂ ನಗರವೂ ಒಂದೇ ಆವರಣದಲ್ಲಿ ಕಾಯುತ್ತಿರುತ್ತವೆ. ಗೂಡ್ಸ್ ಆಟೊದಲ್ಲಿ ಬಂದ ಸೀಮೆಹಸು ಒಂದು ಕಡೆ, ಕಾರಿನ ಎ.ಸಿ.ಯಿಂದ ಇಳಿದ ಲ್ಯಾಬ್ರಡಾರ್ ಇನ್ನೊಂದು ಕಡೆ. ಗೆಳತಿಯ ಜೊತೆ ನಾನು ಅಲ್ಲಿಗೆ ಹೋದದ್ದು ಅವಳ ನಾಲ್ಕು ತಿಂಗಳ ಮರಿ ‘ಬೆಲ್ಲ’ಳಿಗೆ ಲಸಿಕೆ ಹಾಕಿಸಲು. ಹಾಗೇ ಚಿಪ್ ವಿಚಾರವನ್ನೂ ಕೇಳಿಬರೋಣ ಅಂತಿತ್ತು. ಬೆಲ್ಲ ಬೀದಿಯವಳು. ಟೀ ಅಂಗಡಿಯ ಹಲಗೆಯ ಅಡಿಯಲ್ಲಿ ಹುಟ್ಟಿದ ಕಂದು ಬಣ್ಣದ ಐದು ಮರಿಗಳಲ್ಲಿ ಒಂದು. ಅವಳಿಗೆ ವಿಮೆ ಮಾಡಿಸಿಯೇ ತೀರುವುದು ಎಂಬ ಹಟ ಗೆಳತಿಗೆ, ಯಾವ ವಿಮೆ ಎಂಬುದೇ ತಿಳಿಯದು. ಸರದಿ ಕಾಯುತ್ತಾ ಫೋನಿನಲ್ಲಿ ಮೂರು ಕಂಪನಿಗಳ ಪಾಲಿಸಿಗಳನ್ನು ಹಿಂದೆ ಮುಂದೆ ಉಜ್ಜುತ್ತಿದ್ದಳು. ಮುದಿ ಪೊಮೇರಿಯನ್ ಒಂದನ್ನು ತೊಡೆಯ ಮೇಲಿಟ್ಟುಕೊಂಡು ಪಕ್ಕದಲ್ಲಿ ಕೂತಿದ್ದ ಹಿರಿಯರು ಇಣುಕಿ ನೋಡಿ, ‘ಮೊದಲು ಅವರು ಏನೇನು ಕೊಡೋದಿಲ್ಲ ಅಂತಾರೋ ಅದನ್ನ ಓದಮ್ಮ’ ಎಂದರು.

ಆ ಮನುಷ್ಯ ಸರ್ಕಾರಿ ವಿಮಾ ಕಂಪನಿಯಲ್ಲಿ ರಾಸುಗಳ ವಿಮೆ ನೋಡಿಕೊಂಡೇ ನಿವೃತ್ತರಾದವರು. ಹಾಸನ, ಮಂಡ್ಯದ ಕಡೆ ಅದೆಷ್ಟೋ ಸತ್ತ ಹಸುಗಳ ಕಡತ ವಿಲೇವಾರಿ ಮಾಡಿದವರು. ಅವರ ಲೋಕದಲ್ಲಿ ಎಲ್ಲಕ್ಕಿಂತ ದೊಡ್ಡದು ಕಿವಿಯೋಲೆ. ವಿಮೆ ಮಾಡಿದ ಹಸುವಿನ ಕಿವಿಗೆ ನಂಬರಿನ ಓಲೆ ಚುಚ್ಚುತ್ತಾರೆ. ಹಸು ಸತ್ತಾಗ ಆ ಓಲೆಯನ್ನು ಕಚೇರಿಗೆ ಒಪ್ಪಿಸಬೇಕು. ಓಲೆ ಇಲ್ಲವೋ, ಪರಿಹಾರವೂ ಇಲ್ಲ. ‘ನೋ ಟ್ಯಾಗ್, ನೋ ಕ್ಲೇಮ್’ ಎಂಬ ಷರತ್ತನ್ನು ಅವರು ಇಂದಿಗೂ ಒಂದೇ ಉಸಿರಿನಲ್ಲಿ ಹೇಳುತ್ತಾರೆ. ಓಲೆ ಅಂಟಿಕೊಂಡಿದ್ದ ಕಿವಿಯನ್ನೇ ಕೊಯ್ದು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿಕೊಂಡು ಬಸ್ಸಿನಲ್ಲಿ ಬಂದವರುಂಟಂತೆ. ಬೇಲಿಗೆ ಸಿಕ್ಕಿ ಓಲೆ ಕಿತ್ತುಹೋದ ಹಸುವಿನ ಪರವಾಗಿ ಊರಿಗೆ ಊರೇ ಸಾಕ್ಷಿ ಹೇಳಿದರೂ ಕಡತ ಮುಂದೆ ಸರಿಯಲಿಲ್ಲವಂತೆ. ‘ಅದೇ ಹಸು ಅಂತ ನನಗೂ ಗೊತ್ತಿತ್ತು. ನನಗೆ ಗೊತ್ತಿದ್ದು ಕಡತಕ್ಕೆ ಬೇಕಾಗಿರಲಿಲ್ಲ’ ಎಂದರು.

ಆಮೇಲೆ ಬೆಲ್ಲಳನ್ನು ತೋರಿಸಿ ಕೇಳಿದರು: ‘ಇವಳಿಗೆ ನಾಳೆ ಪಾರ್ವೊ ಬಂತು ಅಂದ್ಕೊ. ಮಲಗಿರೋದು ಇವಳೇ, ಇವಳ ತಂಗಿ ಅಲ್ಲ ಅಂತ ಹೇಗೆ ತೋರಿಸ್ತೀಯ?’

ಗೆಳತಿಯ ಫೋನಿನಲ್ಲಿ ಬೆಲ್ಲಳ ಫೋಟೊಗಳಿಗೇನು ಬರವಿಲ್ಲ. ಆದರೆ ಟೀ ಅಂಗಡಿಯ ಅಡಿಯಿರುವ ಉಳಿದ ನಾಲ್ಕೂ ಹಾಗೇ ಇವೆ: ಅದೇ ಕಂದು, ಅದೇ ಬಿಳಿ ಪಾದ.

ಅಲ್ಲಿಂದ ಮನೆಗೆ ಬಂದಮೇಲೂ ಈ ಪ್ರಶ್ನೆ ನನ್ನನ್ನು ಬಿಡಲಿಲ್ಲ. ನಾಯಿ ವಿಮೆ ಅಂದಕೂಡಲೇ ನಾವು ಪ್ರೀಮಿಯಂ ಎಷ್ಟು, ಕವರ್ ಎಷ್ಟು ಎಂದು ಲೆಕ್ಕಕ್ಕೆ ಕೂರುತ್ತೇವೆ. ನಮ್ಮಲ್ಲಿ ಈ ವಿಮೆ ಹುಟ್ಟಿದ್ದು ಮಾತ್ರ ಹಸುವಿನ ಕಡತದ ಹೊಟ್ಟೆಯಲ್ಲಿ. ಸರ್ಕಾರಿ ಕಂಪನಿಗಳ ಹಳೆಯ ನಾಯಿ ಪಾಲಿಸಿಗಳನ್ನು ತೆಗೆದು ನೋಡಿ: ವಯಸ್ಸು ಸಾಮಾನ್ಯವಾಗಿ 8 ವಾರದಿಂದ 8 ವರ್ಷ, ವಿಮಾ ಮೊತ್ತ ನಾಯಿಯ ಮಾರುಕಟ್ಟೆ ಬೆಲೆ, ಮುಖ್ಯ ಪರಿಹಾರ ಸತ್ತರೆ. ಕಾಯಿಲೆಯ ನಾಯಿಯನ್ನು ಬದುಕಿಸಿಕೊಳ್ಳಲು ಆಗುವ ಖರ್ಚು ಆ ಲೆಕ್ಕದಲ್ಲಿ ತಲೆ ಹಾಕುವುದೇ ಅಪರೂಪ. ಹಾಲು ಕೊಡುವ ರಾಸಿನ ವಿಷಯದಲ್ಲಿ ಇದಕ್ಕೆ ಅರ್ಥವಿದೆ, ಹಸು ಹೋದರೆ ಇನ್ನೊಂದನ್ನು ಕೊಳ್ಳಲೇಬೇಕು. ನಾಯಿ ಸಾಕಿದವರಿಗೆ ಬೇಕಾದದ್ದು ನಾಯಿ ಬದುಕಿರುವಾಗಿನ ದುಡ್ಡು. ಬಜಾಜ್ ಅಲಿಯಾನ್ಸ್ 2020ರ ಆಗಸ್ಟ್‌ನಲ್ಲಿ ಶಸ್ತ್ರಚಿಕಿತ್ಸೆ ಮತ್ತು ಆಸ್ಪತ್ರೆ ಖರ್ಚನ್ನು ಮುಂದಿಟ್ಟುಕೊಂಡು ನಾಯಿ ವಿಮೆ ತಂದಮೇಲೆ, ಅದರ ಬೆನ್ನಿಗೆ ಬೇರೆ ಖಾಸಗಿ ಕಂಪನಿಗಳೂ ಬಂದಮೇಲೆ ಚಿತ್ರ ಬದಲಾಯಿತು. ಬೀದಿಯ ದೇಶಿ ನಾಯಿಗೂ ಬಾಗಿಲು ತೆರೆಯಿತು.

ಹೊರದೇಶಗಳ ಚರಿತ್ರೆಯೂ ಹೆಚ್ಚುಕಡಿಮೆ ಇದೇ ದಾರಿ. ಸ್ವೀಡನ್ನಿನಲ್ಲಿ ಕ್ಲಾಸ್ ವಿರ್ಗಿನ್ 1890ರಲ್ಲಿ ಕುದುರೆ, ದನಗಳಿಗೆ ವಿಮೆ ಬರೆದ. ಅದೇ ದೇಶದಲ್ಲಿ ನಾಯಿಗೆ ಮೊದಲ ಪಾಲಿಸಿ ಸಿಕ್ಕಿದ್ದು 1924ರಲ್ಲಿ. ಬ್ರಿಟನ್ನಿಗೆ ಅದು ಬಂದದ್ದು 1947ಕ್ಕೆ. ಅಮೆರಿಕದ ಮೊದಲ ಪಾಲಿಸಿ 1982ರಲ್ಲಿ ಸಿನಿಮಾ, ಟೀವಿಯ ತಾರೆ ಲ್ಯಾಸಿಯ ಹೆಸರಿಗೆ ಹೋಯಿತು. ಇಲ್ಲೊಂದು ತಮಾಷೆ ಇದೆ. ಲ್ಯಾಸಿ ಪಾತ್ರ ಹೆಣ್ಣು ನಾಯಿಯದು, ಅದನ್ನು ಆಡಿದವು ಪ್ಯಾಲ್ ಎಂಬ ಗಂಡು ನಾಯಿ ಮತ್ತು ಅದರ ಗಂಡು ಸಂತತಿ. ಆ ಪಾಲಿಸಿಯ ಲಿಂಗದ ಕಾಲಮ್ಮಿನಲ್ಲಿ ಏನು ಬರೆದರೋ! ನಮ್ಮ ಹೆಬ್ಬಾಳದ ಹಿರಿಯರ ಮುಂದೆ ಆ ಕಡತ ಬಂದಿದ್ದರೆ ವಾಪಸ್ಸು ಹೋಗುತ್ತಿದ್ದುದು ಖಂಡಿತ.

ನಾಯಿಯ ಗುರುತಿಗೆ ಇವತ್ತು ಕಂಪನಿಗಳು, ವೈದ್ಯರು ಹೇಳುವ ಮದ್ದು ಮೈಕ್ರೊಚಿಪ್. ಅಕ್ಕಿಕಾಳಿನಷ್ಟು ಗಾಜಿನ ಕೊಳವೆಯನ್ನು ದಪ್ಪ ಸೂಜಿಯಲ್ಲಿ ಹೆಗಲ ಮೂಳೆಗಳ ನಡುವೆ ಚರ್ಮದಡಿ ಸೇರಿಸುತ್ತಾರೆ. ಅದರೊಳಗೆ ಬ್ಯಾಟರಿ ಇಲ್ಲ. ರೀಡರನ್ನು ಹತ್ತಿರ ಹಿಡಿದಾಗ ಅದರ 134.2 ಕಿಲೊಹರ್ಟ್ಸ್ ಅಲೆಯಿಂದಲೇ ಜೀವ ಪಡೆದು 15 ಅಂಕಿಯ ಸಂಖ್ಯೆಯೊಂದನ್ನು ಹೇಳುತ್ತದೆ, ಅಷ್ಟೇ ಅದರ ಕೆಲಸ. ಕಳೆದುಹೋದ ನಾಯಿ ಎಲ್ಲಿದೆ ಎಂದು ಅದು ಹೇಳಲಾರದು, ಜಿಪಿಎಸ್ ಬೇರೆಯೇ ಸಂಗತಿ. ಸಂಖ್ಯೆ ಯಾರ ಪುಸ್ತಕದಲ್ಲಿ ದಾಖಲಾಗಿದೆ ಎಂಬುದರ ಮೇಲೆ ಚಿಪ್ಪಿನ ಬೆಲೆ ನಿಂತಿದೆ. ಸ್ವೀಡನ್ನಿನಲ್ಲಿ 2001ರಿಂದ ಪ್ರತಿ ನಾಯಿಯನ್ನೂ ಗುರುತು ಮಾಡಿ ಸರ್ಕಾರದ ಪಟ್ಟಿಗೆ ಸೇರಿಸುವುದು ಕಾನೂನು. ನಮ್ಮಲ್ಲಿ ಜಾತಿ ನಾಯಿಯಾದರೆ ಚೆನ್ನೈನ ಕೆನಲ್ ಕ್ಲಬ್ ಆಫ್ ಇಂಡಿಯಾದ ದಾಖಲೆಯಲ್ಲಿ ಇರುತ್ತದೆ. ಬೆಲ್ಲಳಂಥವಳದು ಲಸಿಕೆ ಪುಸ್ತಕದ ಮೂಲೆಯಲ್ಲಿ ವೈದ್ಯರು ಅಂಟಿಸಿದ ಬಾರ್‌ಕೋಡ್ ಚೀಟಿಯಾಗಿ ಉಳಿಯುತ್ತದೆ. ಆ ಚೀಟಿಯ ಸಂಖ್ಯೆ ಪಾಲಿಸಿಯ ಮೊದಲ ಪುಟದಲ್ಲೂ ಅಚ್ಚಾಗಿದೆಯೇ ಎಂದು ನೋಡಿಕೊಳ್ಳಬೇಕು.

ಚಿಪ್ಪಿಗಿಂತ ನನಗೆ ಇಷ್ಟವಾದದ್ದು ಮೂಗು. ನಾಯಿಯ ಮೂಗಿನ ಮೇಲಿನ ಗೆರೆ, ಗುಳಿಗಳು ಒಂದರಂತೆ ಒಂದಿಲ್ಲ. ಕೆನಡಾದ ಕೆನಲ್ ಕ್ಲಬ್ 1938ರಿಂದಲೇ ಮೂಗಿನ ಅಚ್ಚನ್ನು ಗುರುತಿಗೆ ಒಪ್ಪಿಕೊಂಡಿತ್ತು. ಇಲ್ಲೂ ಹಸುವೇ ನಾಯಿಗಿಂತ ಮುಂದೆ. ಅಮೆರಿಕದ ಮಿನೆಸೋಟದ ಡಬ್ಲ್ಯು. ಇ. ಪೀಟರ್ಸನ್ 1922ರಲ್ಲೇ ದನದ ಮೂತಿಯ ಅಚ್ಚಿನ ಬಗ್ಗೆ ಡೇರಿ ವಿಜ್ಞಾನದ ಪತ್ರಿಕೆಯಲ್ಲಿ ಬರೆದಿದ್ದರು. ಸುಮಾರು ನೂರು ವರ್ಷ ಬಿಟ್ಟು ಅದೇ ವಿದ್ಯೆ ಫೋನಿಗೆ ಇಳಿದಿದೆ. ಚೀನಾದ ಅಲಿಪೇ 2020ರಲ್ಲಿ ಸಾಕುಪ್ರಾಣಿಗಳ ವಿಮೆಗೆ ಮೂಗಿನ ಫೋಟೊ ಗುರುತನ್ನು ತಂದಿತು. ಕೊರಿಯಾದ ಪೆಟ್‌ನೌ ಎಂಬ ಆ್ಯಪ್ ಇದೇ ಕೆಲಸಕ್ಕೆ 2022ರ ಲಾಸ್ ವೇಗಸ್ ತಂತ್ರಜ್ಞಾನ ಮೇಳದಲ್ಲಿ ಪ್ರಶಸ್ತಿ ಗೆದ್ದಿತು. ಸೂಜಿ ಇಲ್ಲ, ನೋವಿಲ್ಲ, ಓಲೆ ಬೇಲಿಗೆ ಸಿಕ್ಕುವ ಭಯವಿಲ್ಲ.

ಹಳೆಯ ಕ್ರಮದಲ್ಲಿ ಅಚ್ಚು ತೆಗೆಯುವುದು ಹೇಗಿರುತ್ತದೆ ನೋಡೋಣವೆಂದು ಗೆಳತಿಯ ಅಡುಗೆಮನೆಯಲ್ಲೇ ಪ್ರಯೋಗ ನಡೆಯಿತು. ಶಾಯಿ ಬೇಡ, ನೆಕ್ಕಿದರೆ ಕಷ್ಟ. ಕೇಕಿಗೆ ಹಾಕುವ ಬಣ್ಣ ಸಾಕು. ಮೂಗನ್ನು ಒಣಬಟ್ಟೆಯಲ್ಲಿ ಒರೆಸಬೇಕು, ಬಣ್ಣ ತಾಗಿಸಬೇಕು, ಕಾಗದವನ್ನು ಮೂಗಿನ ಉಬ್ಬಿಗೆ ಹೊಂದುವಂತೆ ಬಾಗಿಸಿ ಒತ್ತಬೇಕು. ಒರೆಸಿದ ಮರುಗಳಿಗೆ ಬೆಲ್ಲ ನಾಲಿಗೆ ಹೊರಳಿಸಿ ಮೂಗನ್ನು ಒದ್ದೆ ಮಾಡಿಬಿಡುತ್ತಾಳೆ. ಕಾಗದದ ಮೇಲೆ ಮೂಡಿದ ನೀಲಿ ಮುದ್ದೆ ಯಾವ ನಾಯಿಯದಾದರೂ ಆಗಬಹುದಿತ್ತು. ಫೋನಿನ ಕ್ಯಾಮೆರಾಕ್ಕೆ ಮಾತ್ರ, ಬಿಸ್ಕತ್ತಿನ ಆಸೆಗೆ ಅರೆಗಳಿಗೆ ನಿಂತಾಗ, ಗೆರೆಗಳು ಸ್ಫುಟವಾಗಿ ಸಿಕ್ಕವು. ಬೀದಿಯ ತಂಗಿಯ ಮೂಗನ್ನೂ ತೆಗೆದು ಹೋಲಿಸಿದೆವು. ಬೇರೆಯೇ ಗೆರೆ! ವಿಮೆಯ ವಿಷಯ ಮರೆತು ಆ ಸಂಜೆಯೆಲ್ಲ ನಾನು ಬೀದಿಯ ಮೂಗುಗಳ ಹಿಂದೆ ಬಿದ್ದಿದ್ದೆ ಎಂದು ಗೆಳತಿ ಈಗಲೂ ಆಡಿಕೊಳ್ಳುತ್ತಾಳೆ.

ಸರಿ, ವಿಮೆಗೆ ಬರೋಣ. ಗುರುತಿನ ಗಂಟು ಬಿಚ್ಚಿದಮೇಲೆ ನೋಡಬೇಕಾದದ್ದು ನಮ್ಮ ನಾಯಿಗಳಿಗೆ ಏನು ಕಾಯಿಲೆ ಬರುತ್ತದೆ ಎಂಬುದು. ಬೆಂಗಳೂರಿನ ಯಾವ ಪಶುವೈದ್ಯರನ್ನು ಕೇಳಿದರೂ ಉಣ್ಣೆ ಜ್ವರದ ಮಾತು ಬರುತ್ತದೆ. ಉಣ್ಣೆ ಕಚ್ಚಿ ಎರ್ಲಿಕಿಯಾ, ಬೆಬೀಸಿಯಾ ರಕ್ತಕ್ಕೆ ಸೇರುತ್ತವೆ, ನಾಯಿ ಊಟ ಬಿಡುತ್ತದೆ, ಪ್ಲೇಟ್‌ಲೆಟ್ ಇಳಿಯುತ್ತದೆ. ಎರ್ಲಿಕಿಯಾ ಆದರೆ ಹತ್ತಿರಹತ್ತಿರ ನಾಲ್ಕು ವಾರ ಡಾಕ್ಸಿಸೈಕ್ಲಿನ್ ಗುಳಿಗೆ, ನಡುನಡುವೆ ರಕ್ತ ಪರೀಕ್ಷೆ. ಬಹುಪಾಲು ನಾಯಿಗಳು ಇದನ್ನು ಮನೆಯಲ್ಲೇ ಕಳೆಯುತ್ತವೆ. ಚರ್ಮದ ತುರಿಕೆ, ಕಿವಿ ಸೋರುವುದು, ಹೊಟ್ಟೆ ಕೆಡುವುದು, ಇವೂ ಅಷ್ಟೇ. ಮೂಲ ಪಾಲಿಸಿಗಳಾದರೋ ‘ಶಸ್ತ್ರಚಿಕಿತ್ಸೆ ಮತ್ತು ಒಳರೋಗಿ’ ಎಂಬಲ್ಲಿಗೆ ನಿಲ್ಲುತ್ತವೆ. ಹೊರರೋಗಿ ಚಿಕಿತ್ಸೆಗೆ ಬೇರೆ ದುಡ್ಡು ಕೊಟ್ಟು ಆ ಭಾಗ ಸೇರಿಸಿಕೊಳ್ಳಬೇಕು. ಅಗ್ಗವೆಂದು ಮೂಲ ಪಾಲಿಸಿ ಕೊಂಡವರಿಗೆ ಉಣ್ಣೆ ಜ್ವರದ ಬಿಲ್ಲಿನಲ್ಲಿ ಬಿಡಿಗಾಸೂ ಬಾರದು. ನನ್ನ ಮಟ್ಟಿಗೆ ಕರ್ನಾಟಕದಲ್ಲಿ ನಾಯಿ ಸಾಕಿದವರು ಕಳ್ಳತನದ ಕವರ್, ಸಾವಿನ ಕವರ್ ಬಿಟ್ಟರೂ ಹೊರರೋಗಿ ಕವರ್ ಬಿಡಬಾರದು.

ಹೆಣ್ಣು ನಾಯಿಯಾದರೆ ಗರ್ಭಕೋಶದ ಕೀವಿನ ಮಾತೂ ಇದೆ. ಸ್ವೀಡನ್ನಿನ ವಿಮಾ ಕಡತಗಳನ್ನು ಅಲ್ಲಿನ ಸಂಶೋಧಕರು ಜಾಲಾಡಿದಾಗ ಕಂಡದ್ದು: ಸಂತಾನಹರಣ ಮಾಡಿಸದ ಹೆಣ್ಣು ನಾಯಿಗಳಲ್ಲಿ ಹತ್ತು ವರ್ಷ ತುಂಬುವಷ್ಟರಲ್ಲಿ ಸುಮಾರು ನಾಲ್ಕರಲ್ಲಿ ಒಂದಕ್ಕೆ ಈ ಕಾಯಿಲೆ. ಸಂತಾನಹರಣ ಮಾಡಿಸಿದರೆ ಈ ಕಾಟ ಬಹುತೇಕ ತಪ್ಪುತ್ತದೆ. ಆ ಖರ್ಚನ್ನು ಪಾಲಿಸಿಗಳು ಸಾಮಾನ್ಯವಾಗಿ ಹೊರಗಿಡುತ್ತವೆ; ಕೀವು ತುಂಬಿ ತುರ್ತಾಗಿ ಕೊಯ್ದರೆ ಕೊಡುತ್ತವೆ! ವಿಮೆಯವರ ಜಾಣತನದಲ್ಲಿ ನನಗಿರುವ ಅನುಮಾನ ಇದನ್ನು ಓದಿದಮೇಲೆ ಇನ್ನಷ್ಟು ಗಟ್ಟಿಯಾಯಿತು.

ಹುಟ್ಟಿನಿಂದ ಬಂದ ದೋಷ, ವಂಶದಿಂದ ಬಂದ ಕಾಯಿಲೆ ಎಂದು ಪರಿಹಾರದಿಂದ ಹೊರಗಿಡುವ ಸಾಲನ್ನು ಜಾತಿ ನಾಯಿಯವರು ಎರಡು ಸಲ ಓದಬೇಕು. ಜರ್ಮನ್ ಶೆಫರ್ಡ್, ಲ್ಯಾಬ್ರಡಾರ್‌ಗಳ ಸೊಂಟದ ಕೀಲು ಸಡಿಲ, ಗ್ರೇಟ್ ಡೇನ್‌ಗೆ ಹೊಟ್ಟೆ ತಿರುಚುವ ಭಯ. ‘777 ಚಾರ್ಲಿ’ ಸಿನಿಮಾ ನೋಡಿ ಅತ್ತವರೆಲ್ಲ ನೆನಪಿಸಿಕೊಳ್ಳಿ: ದುಡ್ಡಿನಾಸೆಗೆ ಒಂದೇ ರಕ್ತದೊಳಗೆ ಮರಿ ಹಾಕಿಸುವವನ ಗೂಡಿನಿಂದ ತಪ್ಪಿಸಿಕೊಂಡ ಚಾರ್ಲಿಗೆ ಬಂದದ್ದು ಹಿಮ್ಯಾಂಜಿಯೊಸಾರ್ಕೊಮ ಎಂಬ ಕ್ಯಾನ್ಸರ್. ಅವಳನ್ನು ಸಾಕಿದ ನಾಯಕ ಧರ್ಮ ವಿಮೆ ಮಾಡಿಸಿದ್ದರೂ ಈ ಒಂದು ಸಾಲಿನ ಮೇಲೆ ಕಂಪನಿಯೊಡನೆ ಜಟಾಪಟಿ ನಡೆಯುತ್ತಿತ್ತು.

ವಯಸ್ಸಿನ ಲೆಕ್ಕ ಇನ್ನೂ ಕ್ರೂರ. ದೈತ್ಯ ಜಾತಿಗಳಿಗೆ ಬಾಗಿಲು ಬೇಗ ಮುಚ್ಚುತ್ತದೆ, ಸಣ್ಣವಕ್ಕೆ ತಡವಾಗಿ. ಹೊಸದಾಗಿ ಸೇರಲು ಎಷ್ಟು ವಯಸ್ಸು ಎಂಬುದರ ಜೊತೆಗೆ ಎಷ್ಟರವರೆಗೆ ನವೀಕರಿಸುತ್ತಾರೆ ಎಂದೂ ಕೇಳಬೇಕು. ಪ್ರೀಮಿಯಂ ಕಟ್ಟಿಸಿಕೊಂಡು, ಸರಿಯಾಗಿ ಮುಪ್ಪಿನ ಹೊತ್ತಿಗೆ ಕೈಬಿಡುವ ಪಾಲಿಸಿ ಯಾರಿಗೆ ಬೇಕು? ನಮ್ಮ ಮುಧೋಳದ ನಾಯಿಯನ್ನು ಯಾವ ಸಾಲಿಗೆ ಹಾಕುತ್ತಾರೋ ನನಗೆ ಕುತೂಹಲ. ಎತ್ತರ ನೋಡಿದರೆ ದೊಡ್ಡದು, ತೂಕ ನೋಡಿದರೆ ಮಧ್ಯಮ. 2005ರಲ್ಲಿ ಅಂಚೆಚೀಟಿಯ ಮೇಲೆ ನಿಂತ ಜಾತಿಗೆ ಪಟ್ಟಿಯಲ್ಲಿ ಹೆಸರೇ ಇಲ್ಲದೆ ‘ಇತರೆ’ ಆದರೆ, ಕಂಪನಿಯಿಂದ ಬರಹದಲ್ಲಿ ಉತ್ತರ ಪಡೆದೇ ದುಡ್ಡು ಕಟ್ಟಬೇಕು.

ದುಡ್ಡಿನ ಕತ್ತರಿ ಎಲ್ಲೆಲ್ಲಿ ಆಡುತ್ತದೆ ಎನ್ನುವುದನ್ನು ಹಿರಿಯರು ಫೋನಿನ ಮೇಲೆಯೇ ಬಿಡಿಸಿ ತೋರಿಸಿದ್ದರು. ಬಿಲ್ 40,000 ರೂಪಾಯಿ ಎನ್ನಿ. ಮೊದಲ 2,000 ನಮ್ಮದೇ ಎಂಬ ಷರತ್ತು. ಉಳಿದ 38,000ದಲ್ಲಿ ಶೇ 20 ನಮ್ಮ ಪಾಲು ಎಂದರೆ ಕೈಗೆ ಬರುವುದು 30,400. ಶಸ್ತ್ರಚಿಕಿತ್ಸೆಗೆ 25,000ದ ಒಳಮಿತಿ ಇದ್ದರೆ ಅದೂ ಇಲ್ಲ, 25,000ಕ್ಕೇ ನಿಂತಿತು. ಅದಕ್ಕಿಂತ ತಿಂಗಳಿಗೆ ಸಾವಿರ ರೂಪಾಯಿ ಆರ್.ಡಿ. ಕಟ್ಟಿದರಾಗದೇ ಎಂದು ನಾನು ಕೇಳಿದೆ. ‘ಆಗುತ್ತೆ. ಮರಿ ಮೂರನೇ ತಿಂಗಳಲ್ಲೇ ಕಾಲುಚೀಲ ನುಂಗಿದರೆ ನಿಮ್ಮ ಆರ್.ಡಿ.ಯಲ್ಲಿ ಮೂರು ಸಾವಿರ ಇರುತ್ತೆ’ ಎಂದರು. ನವೀಕರಣದ ತಾರೀಖು ತಪ್ಪಿದರೆ, ಪಾಲಿಸಿ ಕೊಂಡ ಹೊಸದರಲ್ಲಿ ಪರಿಹಾರ ಸಿಗದ ‘ಕಾಯುವ ಅವಧಿ’ ಮತ್ತೆ ಮೊದಲಿನಿಂದ ಶುರುವಾಗಬಹುದು, ನಡುವೆ ಬಂದ ಕಾಯಿಲೆ ‘ಮೊದಲೇ ಇದ್ದದ್ದು’ ಎಂದಾಗಬಹುದು. ಲಸಿಕೆ ತಪ್ಪಿಸಿದ ನಾಯಿಗೆ ಪಾರ್ವೊ, ಡಿಸ್ಟೆಂಪರ್ ಬಂದರೆ ಕೇಳುವಂತೆಯೇ ಇಲ್ಲ.

ನಾಯಿ ಬೇರೆಯವರನ್ನು ಕಚ್ಚಿದರೆ ಎಂಬ ಹೊಣೆಗಾರಿಕೆ ಕವರ್ ಅಪಾರ್ಟ್‌ಮೆಂಟಿನವರಿಗೆ ಉಪಯೋಗದ್ದು. ಕೇಂದ್ರ ಸರ್ಕಾರ 2024ರ ಮಾರ್ಚ್ 12ರಂದು 23 ‘ಅಪಾಯಕಾರಿ’ ಜಾತಿಗಳನ್ನು ನಿಷೇಧಿಸಲು ಹೊರಡಿಸಿದ ಸುತ್ತೋಲೆಯನ್ನು ನಮ್ಮ ಹೈಕೋರ್ಟ್ ಏಪ್ರಿಲ್ 10ರಂದು ರದ್ದು ಮಾಡಿತು. ಸುತ್ತೋಲೆ ಬಿತ್ತೆಂದು ಕಂಪನಿ ತನ್ನ ಪಟ್ಟಿಯನ್ನೂ ಹರಿದುಹಾಕಬೇಕೆಂದಿಲ್ಲ, ರಾಟ್‌ವೈಲರ್ ಸಾಕಿದವರು ಆ ಪುಟವನ್ನು ಬೇರೆಯಾಗಿಯೇ ಓದಬೇಕು.

ಬೆಲ್ಲಳ ಅರ್ಜಿ ಕೊನೆಗೆ ಸಿಕ್ಕಿಬಿದ್ದದ್ದು ಬೇರೆಲ್ಲೂ ಅಲ್ಲ, ‘ನಾಯಿಯ ಮಾರುಕಟ್ಟೆ ಬೆಲೆ’ ಎಂಬ ಕಾಲಮ್ಮಿನಲ್ಲಿ. ಸಾವಿನ ಕವರ್ ಬೇಕಾದರೆ ಅದನ್ನು ತುಂಬಬೇಕು. ಒಂದು ಕಾಲಕ್ಕೆ ಕಾನೂನೂ ಹೀಗೇ ಬೆಲೆ ಕೇಳುತ್ತಿತ್ತು: ಹಳೆಯ ದಂಡ ಸಂಹಿತೆಯ 428ನೇ ಕಲಮು ಹತ್ತು ರೂಪಾಯಿ ಬೆಲೆಯ ಪ್ರಾಣಿ ಎಂದೇ ಮಾತು ಶುರುಮಾಡುತ್ತಿತ್ತು. 2024ರ ಜುಲೈ 1ರಿಂದ ಜಾರಿಯಾದ ನ್ಯಾಯ ಸಂಹಿತೆಯ 325ನೇ ಕಲಮು ಬೆಲೆಯ ಮಾತು ತೆಗೆದು, ಯಾವುದೇ ಪ್ರಾಣಿಯನ್ನು ಕೊಂದರೂ ಅಂಗಹೀನ ಮಾಡಿದರೂ ಐದು ವರ್ಷದವರೆಗೆ ಶಿಕ್ಷೆ ಎಂದಿದೆ. ವಿಮೆಯ ಅರ್ಜಿ ಇನ್ನೂ ಹಳೆಯ ಕಾಲದಲ್ಲೇ ಇದೆ. ಟೀ ಅಂಗಡಿಯವನು ಬೆಲ್ಲಳನ್ನು ಪುಕ್ಕಟೆ ಕೊಟ್ಟಿದ್ದ, ಜೊತೆಗೆ ಎರಡು ಬನ್ನು ಬೇರೆ. ಗೆಳತಿ ಆ ಕಾಲಮ್ಮಿನಲ್ಲಿ ಸೊನ್ನೆ ಹಾಕಿದಳು, ಅರ್ಜಿ ಮುಂದೆ ಹೋಗಲಿಲ್ಲ. ಸಾವಿನ ಕವರನ್ನೇ ಕೈಬಿಟ್ಟು, ಆಸ್ಪತ್ರೆ ಖರ್ಚು, ಹೊರರೋಗಿ ಚಿಕಿತ್ಸೆ, ಹೊಣೆಗಾರಿಕೆ ಮೂರನ್ನೂ ಇಟ್ಟುಕೊಂಡ ಇನ್ನೊಂದು ಕಂಪನಿಯ ಪಾಲಿಸಿ ಕೊಂಡಳು. ಅವರು ಬೆಲೆ ಕೇಳಲಿಲ್ಲ, ಚಿಪ್ ಸಂಖ್ಯೆ ಕೇಳಿದರು.