ಮದ್ದಿನ ಸೂಜಿ ಹಾರಿದ ಮೇಲೆ

ಕಾರ್ಕಳ, ಕಾಪು ಕಡೆ ತೋಟದ ಬಾವಿಗೆ ಚಿರತೆ ಬಿತ್ತೆಂದರೆ ಅರ್ಧ ಗಂಟೆಯೊಳಗೆ ಕಟ್ಟೆಯ ಸುತ್ತ ಊರೇ ನೆರೆದಿರುತ್ತದೆ. ಅರಣ್ಯ ಇಲಾಖೆಯವರು ಬಲೆ, ಏಣಿ, ಬೋನು ಹೊಂದಿಸುತ್ತಿರುವಾಗ ಗುಂಪಿನಿಂದ ಒಂದು ಮಾತು ಬಂದೇ ಬರುತ್ತದೆ: “ಒಂದು ಇಂಜೆಕ್ಷನ್ ಹೊಡೆದ್ರೆ ಮುಗೀತಲ್ಲ ಮಾರಾಯ್ರೆ, ಇಷ್ಟೆಲ್ಲ ಯಾಕೆ?” ಹೇಳುವವರ ಮನಸ್ಸಿನಲ್ಲಿ ಕೆಟ್ಟದ್ದೇನೂ ಇಲ್ಲ. ಗುಂಡು ಕೊಲ್ಲುತ್ತದೆ, ಮದ್ದಿನ ಸೂಜಿ ಮಲಗಿಸುತ್ತದೆ ಎಂದು ಸಿನಿಮಾ ನೋಡಿದವರೆಲ್ಲ ನಂಬಿದ್ದೇವೆ. ಆದರೆ ಬಾವಿಯ ನೀರಿನಲ್ಲಿ ಈಜುತ್ತಿರುವ ಚಿರತೆಗೆ ಅರಿವಳಿಕೆ ಕೊಟ್ಟರೆ ಮೊದಲು ಸಡಿಲವಾಗುವುದು ಅದನ್ನು ತೇಲಿಸುತ್ತಿರುವ ಸ್ನಾಯುಗಳೇ. ಏಣಿ ಇಳಿಸಿ ಕಾಯುವುದು ಹಳೆಯ ಕ್ರಮವಾಗಿ ಕಾಣಬಹುದು. ಪ್ರಾಣಿ ಬದುಕುವುದು ಅದರಿಂದಲೇ.

ನೆಲದ ಮೇಲೂ ಕೆಲಸ ಸುಲಭವಲ್ಲ. ಸಾಮಾನ್ಯವಾಗಿ ಬಳಸುವುದು ಕೆಟಮಿನ್ ಮತ್ತು ಕ್ಸೈಲಜಿನ್ ಎಂಬ ಎರಡು ಮದ್ದುಗಳ ಮಿಶ್ರಣ. ಒಂದು ಅರಿವನ್ನು ಕಳೆಯುತ್ತದೆ, ಇನ್ನೊಂದು ಸ್ನಾಯುಗಳ ಬಿಗಿ ಬಿಡಿಸುತ್ತದೆ. ಪ್ರಮಾಣ ನಿಂತಿರುವುದು ಪ್ರಾಣಿಯ ತೂಕದ ಮೇಲೆ. ಆ ತೂಕವನ್ನು ದೂರದಿಂದ, ಪೊದೆಯ ಸಂದಿಯಿಂದ, ಕಣ್ಣಳತೆಯಲ್ಲೇ ಅಂದಾಜು ಮಾಡಬೇಕು. ಹೆಚ್ಚಾದರೆ ಉಸಿರು ಕುಗ್ಗುತ್ತದೆ. ಕಡಿಮೆಯಾದರೆ ಅರೆಎಚ್ಚರದ ಚಿರತೆ ಜನರ ಮೇಲೆ ನುಗ್ಗುತ್ತದೆ. ಪ್ರಮಾಣ ಸರಿಯಾಗಿದ್ದರೂ ಮದ್ದು ಏರಲು ಹತ್ತು ಹದಿನೈದು ನಿಮಿಷ ಬೇಕು. ಬೆದರಿದ ಪ್ರಾಣಿಯ ರಕ್ತದಲ್ಲಿ ಅಡ್ರಿನಲಿನ್ ಎಂಬ ಉದ್ವೇಗದ ರಸ ತುಂಬಿರುವುದರಿಂದ ಇನ್ನೂ ತಡವಾಗಬಹುದು. ಅಷ್ಟು ಹೊತ್ತಿಗೆ ಅದು ಇನ್ನೊಂದು ಹಾಡಿಯನ್ನೋ ಶಾಲೆಯ ಅಂಗಳವನ್ನೋ ಹೊಕ್ಕಿರುತ್ತದೆ.

ಕಾಡುಕೋಣದ ವಿಷಯದಲ್ಲಿ ಕಷ್ಟ ಇನ್ನೊಂದು ಬಗೆಯದು. ಅದು ಮೆಲುಕು ಹಾಕುವ ಪ್ರಾಣಿ. ಮದ್ದಿನಿಂದ ದೊಡ್ಡ ಹೊಟ್ಟೆಯ ಚಲನೆ ನಿಂತರೆ ಒಳಗಿನ ಅನಿಲ ಹೊರಬರದೆ ಉಬ್ಬರವಾಗುತ್ತದೆ. ಪಕ್ಕಕ್ಕೆ ಬಿದ್ದುಕೊಂಡರೆ ಆ ಉಬ್ಬರ ಶ್ವಾಸಕೋಶವನ್ನು ಒತ್ತುತ್ತದೆ. ಬಾಯಿಗೆ ಬಂದ ಮೆಲುಕು ಶ್ವಾಸನಾಳಕ್ಕೆ ಇಳಿಯಬಹುದು. ಆದ್ದರಿಂದ ಬಿದ್ದ ಕೂಡಲೇ ಅದನ್ನು ಎದೆಯ ಮೇಲೆ ಕೂರಿಸಿ ತಲೆ ಎತ್ತಿ ಹಿಡಿಯಬೇಕು. ಏಳೆಂಟು ನೂರು ಕಿಲೋದ ದೇಹವನ್ನು, ಮೊಬೈಲ್ ಹಿಡಿದು ಮುತ್ತಿಕೊಂಡ ಜನರ ನಡುವೆ! 2020ರ ಮೇ ತಿಂಗಳಲ್ಲಿ ಮಂಗಳೂರು ನಗರಕ್ಕೆ ಬಂದ ಕಾಡುಕೋಣವನ್ನು ಅರಿವಳಿಕೆ ಕೊಟ್ಟು ಹಿಡಿದರು. ಕಾಡಿಗೆ ಸಾಗಿಸುವ ಯತ್ನದಲ್ಲಿ ಅದು ಬದುಕಲಿಲ್ಲ.

ನನ್ನ ನಿಜವಾದ ಚಿಂತೆ ಕಣ್ಣಿಗೆ ಕಾಣುವ ಇಂಥ ಸಾವುಗಳಿಗಿಂತ ಕಾಣದವುಗಳ ಬಗ್ಗೆ. ಅತಿಯಾಗಿ ಓಡಿದ, ಉರುಳಿನಲ್ಲಿ ಗಂಟೆಗಟ್ಟಲೆ ಒದ್ದಾಡಿದ ಪ್ರಾಣಿಯ ಸ್ನಾಯುಗಳಲ್ಲಿ ಆಮ್ಲ ಶೇಖರವಾಗಿ ನಾರುಗಳು ಒಡೆಯುತ್ತವೆ. ಅವುಗಳಿಂದ ಮಯೋಗ್ಲೋಬಿನ್ ಎಂಬ ಕೆಂಪು ಪ್ರೋಟೀನು ರಕ್ತಕ್ಕೆ ಸೇರಿ ಮೂತ್ರಪಿಂಡವನ್ನು ಕಟ್ಟಿಹಾಕುತ್ತದೆ. ಮೈಬಿಸಿ ಏರಿದಷ್ಟೂ ಹಾನಿ ಹೆಚ್ಚು, ಅರಿವಳಿಕೆಯಲ್ಲಿರುವ ದೇಹಕ್ಕೋ ತನ್ನ ಬಿಸಿಯನ್ನು ಹಿಡಿತದಲ್ಲಿಡುವ ಶಕ್ತಿಯೇ ಇರುವುದಿಲ್ಲ. ನಮ್ಮ ಕರಾವಳಿಯ ಏಪ್ರಿಲ್ ಸೆಕೆಯಲ್ಲಿ, ಗಾಳಿಯೇ ನೀರಾಗಿರುವಾಗ, ಏದುಸಿರು ಬಿಟ್ಟು ತಂಪಾಗುವ ದಾರಿಯೂ ಅರ್ಧ ಮುಚ್ಚಿರುತ್ತದೆ. ಹೀಗೆ ಘಾಸಿಗೊಂಡ ಚಿರತೆ ಬೋನಿನಿಂದ ಜಿಗಿದು ಕಾಡಿಗೆ ಓಡಬಲ್ಲದು. ವಿಡಿಯೋ ನೋಡಿ ನಾವೆಲ್ಲ ಚಪ್ಪಾಳೆ ತಟ್ಟುತ್ತೇವೆ. ಅದು ಸಾಯುವುದು ಕೆಲವು ದಿನಗಳ ನಂತರ, ಕುದುರೆಮುಖದ ತಪ್ಪಲಿನ ಯಾವುದೋ ಹಳ್ಳದ ಬದಿಯಲ್ಲಿ. ಕೊರಳಿಗೆ ರೇಡಿಯೋ ಪಟ್ಟಿ ಹಾಕದೆ ಬಿಟ್ಟ ಪ್ರಾಣಿಯ ಲೆಕ್ಕ ‘ಸುರಕ್ಷಿತವಾಗಿ ಬಿಡಲಾಯಿತು’ ಎಂಬ ಸಾಲಿಗೇ ಮುಗಿಯುತ್ತದೆ.

ಕಾನೂನು ಈ ಅಪಾಯವನ್ನು ನಮಗಿಂತ ಮೊದಲೇ ಅರಿತಿದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ‘ಬೇಟೆ’ ಎಂದರೆ ಕೊಲ್ಲುವುದು ಮಾತ್ರವಲ್ಲ. ಹಿಡಿಯುವುದು, ಉರುಳೊಡ್ಡುವುದು, ಅಟ್ಟುವುದು, ಗಾಯಗೊಳಿಸುವುದು, ಇವುಗಳ ಯತ್ನ ಕೂಡ ಬೇಟೆಯೇ. ಅಂದರೆ ಪ್ರಾಣಿ ಎದ್ದು ನಡೆದುಹೋದರೂ, ಅನುಮತಿಯಿಲ್ಲದೆ ಅದನ್ನು ಹಿಡಿಯಲು ಮದ್ದಿನ ಸೂಜಿ ಹಾರಿಸಿದವನು ಬೇಟೆಗಾರನೇ. ಚಿರತೆ, ಆನೆ, ಕಾಡುಕೋಣ ಒಂದನೇ ಅನುಸೂಚಿಯ ಪ್ರಾಣಿಗಳು. ಅವು ಜನರ ಜೀವಕ್ಕೆ ಅಪಾಯವಾದಾಗ ಹಿಡಿಯಲು ಅಪ್ಪಣೆ ಕೊಡಬೇಕಾದವರು ರಾಜ್ಯದ ಮುಖ್ಯ ವನ್ಯಜೀವಿ ಪರಿಪಾಲಕರು, ಅದೂ ಕಾರಣವನ್ನು ಲಿಖಿತವಾಗಿ ದಾಖಲಿಸಿ. ಹಿಡಿಯುವಾಗ ಪ್ರಾಣಿಗೆ ಆದಷ್ಟು ಕಡಿಮೆ ಆಘಾತವಾಗಬೇಕು ಎಂದು 11ನೇ ಸೆಕ್ಷನ್ನಿನ ವಿವರಣೆಯೇ ಹೇಳುತ್ತದೆ. 2022ರ ತಿದ್ದುಪಡಿಯ ನಂತರ ಈ ಪ್ರಾಣಿಗಳ ಬೇಟೆಗೆ ಕನಿಷ್ಠ 3 ವರ್ಷ, ಗರಿಷ್ಠ 7 ವರ್ಷ ಸೆರೆ. ದಂಡ 25,000 ರೂಪಾಯಿಗಿಂತ ಕಡಿಮೆಯಿಲ್ಲ.

ಇಷ್ಟು ಬಿಗಿ ಏಕೆ ಬೇಕೆಂಬುದಕ್ಕೆ ದಕ್ಷಿಣ ಆಫ್ರಿಕಾ ಉದಾಹರಣೆ. ಅಲ್ಲಿ ಘೇಂಡಾಮೃಗಕ್ಕೆ ಮದ್ದು ಹೊಡೆದು, ಬಿದ್ದ ಪ್ರಾಣಿಯ ಪಕ್ಕ ನಿಂತು ಫೋಟೋ ತೆಗೆಸಿಕೊಳ್ಳುವ ‘ಹಸಿರು ಬೇಟೆ’ ಹಣವಂತರ ಮೋಜಾಗಿತ್ತು. 2008ರಲ್ಲಿ ಜಾರಿಗೆ ಬಂದ ನಿಯಮಗಳು ಅದಕ್ಕೆ ಕಡಿವಾಣ ಹಾಕಿದವು. ಅಷ್ಟರಲ್ಲಿ ಸದ್ದಿಲ್ಲದ ಈ ಆಯುಧ ಕೊಂಬಿನ ಕಳ್ಳರಿಗೂ ಪರಿಚಯವಾಗಿತ್ತು; 2010ರಲ್ಲಿ ಘೇಂಡಾಮೃಗ ಬೇಟೆಯ ಪ್ರಕರಣವೊಂದರಲ್ಲಿ ಪಶುವೈದ್ಯರೇ ಬಂಧನಕ್ಕೊಳಗಾದರು. ನಮ್ಮಲ್ಲಿ ಕೆಟಮಿನ್ ಮಾರಾಟ ಬಿಗಿ ನಿಯಂತ್ರಣದಲ್ಲಿದೆ. ಕ್ಸೈಲಜಿನ್ ಮಾತ್ರ ದನಕರುಗಳ ಚಿಕಿತ್ಸೆಯ ನಿತ್ಯದ ಮದ್ದು. ರಾತ್ರಿ ಕಾಡುಹಂದಿಗೆ ಕಾಯುವವನ ಕೈಗೆ ಅದು ಸಿಗದಂತೆ ಪ್ರತಿ ಸೀಸೆಯ ಲೆಕ್ಕ ಇಡುವುದು ಈಗಿನ ಕೆಲಸ, ಮೊದಲ ಪ್ರಕರಣ ನಡೆದ ಮೇಲಿನದ್ದಲ್ಲ.

ಮನುಷ್ಯರೂ ಬೆಲೆ ತೆತ್ತಿದ್ದಾರೆ. ‘ಆನೆ ವೆಂಕಟೇಶ್’ ಎಂದೇ ಹೆಸರಾದ ಎಚ್.ಎಚ್. ವೆಂಕಟೇಶ್ ಅರಿವಳಿಕೆ ಹಾರಿಸುವುದರಲ್ಲಿ ವರ್ಷಗಳ ಅನುಭವವಿದ್ದವರು. 2023ರ ಆಗಸ್ಟ್ 31ರಂದು ಆಲೂರು ತಾಲ್ಲೂಕಿನಲ್ಲಿ, ಗಾಯಗೊಂಡ ಕಾಡಾನೆಗೆ ಚಿಕಿತ್ಸೆ ಕೊಡಿಸಲು ಮದ್ದು ಹೊಡೆದಾಗ ಅದು ತಿರುಗಿ ಬಿದ್ದು ಅವರು ಜೀವ ಕಳೆದುಕೊಂಡರು. ಮದ್ದೇ ಮನುಷ್ಯನಿಗೆ ತಗಲುವುದೂ ಉಂಟು. ದೊಡ್ಡ ಪ್ರಾಣಿಗಳಿಗೆ ಹಲವು ದೇಶಗಳಲ್ಲಿ ಬಳಸುವ ಎಟಾರ್ಫಿನ್ ಮಾರ್ಫಿನ್‌ಗಿಂತ ಸಾವಿರ ಪಟ್ಟಿಗೂ ಹೆಚ್ಚು ತೀಕ್ಷ್ಣ. ಸೂಜಿ ಕೈಗೆ ಚುಚ್ಚಿಕೊಂಡರೆ ಉಸಿರು ನಿಲ್ಲಲು ನಿಮಿಷಗಳು ಸಾಕು. ಕಾರ್ಕಳದ ಕಾಡಂಚಿನಿಂದ ಮಣಿಪಾಲದ ಆಸ್ಪತ್ರೆ ಎಷ್ಟೇ ಹತ್ತಿರ ಅನ್ನಿಸಿದರೂ ಅಂಥ ಹೊತ್ತಿಗೆ ದೂರವೇ. ಪ್ರತಿಮದ್ದು, ಅದನ್ನು ಕೊಡಲು ಬಲ್ಲವರು ಸ್ಥಳದಲ್ಲೇ ಇರಬೇಕು.

ಮದ್ದು ಹೊಡೆಯಿರೆಂಬ ಒತ್ತಡ ಇನ್ನು ಮುಂದೆ ಇಳಿಯುವ ಲಕ್ಷಣವಿಲ್ಲ. ರಾಷ್ಟ್ರೀಯ ಅಂದಾಜಿನಂತೆ ಕರ್ನಾಟಕದಲ್ಲಿ 2018ರಲ್ಲಿ 1,783 ಚಿರತೆಗಳಿದ್ದವು, 2022ರಲ್ಲಿ 1,879. ಮನೆ, ಬಡಾವಣೆ, ರಸ್ತೆಗಳು ಹಾಡಿಗಳ ಒಳಗೇ ಬೆಳೆಯುತ್ತಿವೆ. ಹಿಡಿದು ದೂರ ಬಿಡುವುದು ಪರಿಹಾರವೇ ಎಂದರೆ, ಮಹಾರಾಷ್ಟ್ರದ ಜುನ್ನಾರ್‌ನಲ್ಲಿ ವಿದ್ಯಾ ಆತ್ರೇಯ ಮತ್ತು ಸಂಗಡಿಗರು ನಡೆಸಿದ ಅಧ್ಯಯನ ಬೇರೆಯದೇ ಹೇಳುತ್ತದೆ. ಚಿರತೆಗಳ ಸ್ಥಳಾಂತರ ಶುರುವಾಗುವ ಮೊದಲು ವರ್ಷಕ್ಕೆ ಸರಾಸರಿ 4 ಇದ್ದ ಮನುಷ್ಯರ ಮೇಲಿನ ದಾಳಿ, ಆಮೇಲೆ 17ಕ್ಕೆ ಏರಿತು. ನೆಲೆ ತಪ್ಪಿದ ಪ್ರಾಣಿ ಅಪರಿಚಿತ ಜಾಗದಲ್ಲಿ ಅಲೆಯುತ್ತದೆ, ಹೆದರುತ್ತದೆ, ಎದುರಾದವರ ಮೇಲೆ ಎರಗುತ್ತದೆ.

ಹೊಡೆದ ಪ್ರತಿ ಸೂಜಿಗೂ ಒಂದು ದಾಖಲೆ ಬೇಕು: ಮದ್ದಿನ ಪ್ರಮಾಣ, ಬೀಳಲು ಹಿಡಿದ ಹೊತ್ತು, ಮೈಬಿಸಿ, ಬಿಟ್ಟ ನಂತರ ಎಷ್ಟು ದಿನ ಬದುಕಿತು. ಅದಕ್ಕಿಂತ ಮೊದಲು ನಮ್ಮ ಕೈಯಲ್ಲೇ ಆಗುವ ಕೆಲಸಗಳಿವೆ. ಕಟ್ಟೆಯಿಲ್ಲದ ತೋಟದ ಬಾವಿಗಳಿಗೆ ಎದೆಮಟ್ಟದ ಕೆಂಪುಕಲ್ಲಿನ ಕಟ್ಟೆ ಕಟ್ಟಬಹುದು. ಹಂದಿಗೆಂದು ಬೇಲಿಸಂದಿಯಲ್ಲಿ ಕಟ್ಟಿಟ್ಟ ಕ್ಲಚ್ ವೈರಿನ ಉರುಳುಗಳನ್ನು ಹುಡುಕಿ ಕಿತ್ತುಹಾಕಬಹುದು, ಮುಂದಿನ ಚಿರತೆ ಅದರಲ್ಲಿ ಕಾಲಿಡುವ ಮೊದಲು.